ಅಂಗನವಾಡಿಯ ಅಕ್ಕೋರು: ಎಣಿಕೆಯಲ್ಲಿ ಮುಂದು, ಮನ್ನಣೆಯಲ್ಲಿ ಹಿಂದು

ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯೆಂದರೆ ಋಣಸ್ಮರಣೆಯ ಗ್ರಂಥ. ಅಡಿಗಲ್ಲನ್ನಿಟ್ಟ ಪೂಜ್ಯರು, ಭೂದಾನ ಮಾಡಿದ ಮನೆತನಗಳು, ಸುಗ್ಗಿಯ ಕಾಲಕ್ಕೆ ಪ್ರಸಾದನಿಲಯಕ್ಕೆ ಜೋಳದ ಚೀಲಗಳನ್ನು ಹೇರಿ ಕಳಿಸಿದ ರೈತರು, ತಲೆಮಾರುಗಳಿಗೆ ಪಾಠ ಹೇಳಿದ ಗುರುವೃಂದ, ಇವರೆಲ್ಲರ ಹೆಸರುಗಳು ಇಂತಹ ಸಂಚಿಕೆಗಳಲ್ಲಿ ಭಕ್ತಿಪೂರ್ವಕವಾಗಿ ಅಚ್ಚಾಗುತ್ತವೆ. ಅದು ಯುಕ್ತವೂ ಹೌದು. ಆದರೆ ಇವರೆಲ್ಲರಿಗಿಂತ ಮೊದಲೇ ಆ ಶಾಲೆಯ ವಿದ್ಯಾರ್ಥಿಯ ಕೈಬೆರಳನ್ನು ಹಿಡಿದು ನೆಲದ ಮೇಲೆ ಮೊದಲ ಗೆರೆಯನ್ನು ಎಳೆಸಿದವಳು, ತಾಯಿಯ ಸೆರಗು ಬಿಟ್ಟು ಬಾರದ ಮಗುವನ್ನು ಹತ್ತು ಮಕ್ಕಳ ನಡುವೆ ಕೂಡ್ರಿಸಿ ಅಳು ನಿಲ್ಲಿಸಿದವಳು ಒಬ್ಬಳಿದ್ದಾಳೆ. ಊರವರು ಆಕೆಯನ್ನು ‘ಅಕ್ಕೋರು’ ಎಂದು ಕರೆಯುತ್ತಾರೆ. ಸ್ಮರಣ ಸಂಚಿಕೆಗಳಲ್ಲಿ ಆಕೆಯ ಹೆಸರು ಸಾಮಾನ್ಯವಾಗಿ ದೊರೆಯುವುದಿಲ್ಲ. ಶಿಕ್ಷಣದ ಇತಿಹಾಸವನ್ನು ಒಂದನೆಯ ಇಯತ್ತೆಯಿಂದಲೇ ಆರಂಭಿಸುವ ರೂಢಿ ಬೇರೂರಿರುವುದೇ ಇದಕ್ಕೆ ಕಾರಣ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಯಾವುದೇ ಊರಿನಲ್ಲಿ ಮುಂಜಾನೆಯ ಹೊತ್ತು ಸುಮ್ಮನೆ ಸುತ್ತಾಡಿ ಬಂದರೂ ಆಕೆಯ ಕಾಯಕದ ಪರಿಚಯವಾಗುತ್ತದೆ. ಘಟಪ್ರಭೆಯ ಕಾಲುವೆ ನೀರು ಬಂದ ಮೇಲೆ ಈ ಭಾಗದ ಬಾಳು ಕಬ್ಬಿನೊಡನೆ ಹೆಣೆದುಕೊಂಡಿದೆ. ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಹೆಣ್ಣುಮಕ್ಕಳು ಸೂರ್ಯೋದಯಕ್ಕೆ ಮೊದಲೇ ಹೊಲ ಸೇರುತ್ತಾರೆ. ಮನೆಯಲ್ಲಿ ಉಳಿಯುವವರು ಮುಪ್ಪಿನವರು ಮತ್ತು ಮಕ್ಕಳು. ಆ ಮಕ್ಕಳನ್ನು ಓಣಿಓಣಿ ತಿರುಗಿ ಕರೆತಂದು, ಮುಖ ತೊಳೆಸಿ, ಸಾಲಾಗಿ ಕೂಡ್ರಿಸಿ, ಹಾಡು, ಕಥೆ, ಆಟಗಳಲ್ಲಿ ತೊಡಗಿಸಿ, ಬಿಸಿಯೂಟ ಬಡಿಸಿ, ತಾಯಂದಿರು ಹಿಂದಿರುಗುವ ತನಕ ಕಾಯುವ ಹೊಣೆ ಅಂಗನವಾಡಿಯ ಇಬ್ಬರು ಹೆಣ್ಣುಮಕ್ಕಳದು: ಒಬ್ಬಳು ಕಾರ್ಯಕರ್ತೆ, ಇನ್ನೊಬ್ಬಳು ಸಹಾಯಕಿ.

ಗಡಿನಾಡಿನ ಈ ಅಕ್ಕೋರಿಗೆ ಬೇರೆ ಕಡೆಯವರಿಗಿಲ್ಲದ ಇನ್ನೊಂದು ಹೊರೆಯೂ ಇದೆ. ಸಂಕೇಶ್ವರದ ಸುತ್ತಿನ ಊರುಗಳಲ್ಲಿ ಒಂದೇ ಚಾಪೆಯ ಮೇಲೆ ಕುಳಿತ ಮಕ್ಕಳಲ್ಲಿ ಒಂದರ ಮನೆಮಾತು ಕನ್ನಡ, ಇನ್ನೊಂದರದು ಮರಾಠಿ, ಮತ್ತೊಂದರದು ಉರ್ದು. ಹೊಟ್ಟೆ ಹಸಿದಿದೆ, ಕಾಲು ನೋಯುತ್ತಿದೆ, ಅವ್ವ ಬೇಕು ಎಂಬ ಮೂರು ಮಾತುಗಳನ್ನು ಮಗು ಯಾವ ಭಾಷೆಯಲ್ಲಿ ಹೇಳಿದರೂ ಆಕೆಗೆ ತಿಳಿಯಬೇಕು; ತಿಳಿದು, ಮೆಲ್ಲಮೆಲ್ಲನೆ ಆ ಮಗುವನ್ನು ಶಾಲೆಯ ನುಡಿಯತ್ತ ನಡೆಸಬೇಕು. ಮುಂದೆ ಪ್ರೌಢಶಾಲೆಯಲ್ಲಿ ಆ ವಿದ್ಯಾರ್ಥಿ ಕನ್ನಡದಲ್ಲಿ ಪ್ರಬಂಧ ಬರೆದು ಬಹುಮಾನ ಪಡೆದರೆ ಆ ಯಶಸ್ಸಿನಲ್ಲಿ ಈಕೆಯದೂ ಒಂದು ಪಾಲಿದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಜಗತ್ತಿನಾದ್ಯಂತ ಶಿಶುಶಿಕ್ಷಣವು ಸ್ತ್ರೀಯರ ಕೈಯಲ್ಲಿಯೇ ಇದೆ. ಪೂರ್ವ ಪ್ರಾಥಮಿಕ ಹಂತದಲ್ಲಿ ಕಲಿಸುವವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಸ್ತ್ರೀಯರೆಂದು ಯುನೆಸ್ಕೊ ಸಂಸ್ಥೆಯ ಲೆಕ್ಕಗಳು ಹೇಳುತ್ತವೆ. ಹಲವು ಪುಟ್ಟ ದ್ವೀಪ ರಾಷ್ಟ್ರಗಳಲ್ಲಿ ಈ ಪ್ರಮಾಣ ನೂರರ ಸಮೀಪಕ್ಕೆ ಹೋಗುತ್ತದೆ. ಪುರುಷರನ್ನು ಈ ಕೆಲಸಕ್ಕೆ ಕರೆತರಲು ಬಹುಕಾಲದಿಂದ ಪ್ರಯತ್ನಿಸುತ್ತಿರುವ ನಾರ್ವೆಯಂತಹ ದೇಶದಲ್ಲಿ ಕೂಡ ಅವರ ಪ್ರಮಾಣ ಹತ್ತಕ್ಕೆ ಒಂದರ ಆಸುಪಾಸಿನಲ್ಲಿದೆ. ಪೆಸಿಫಿಕ್ ಸಾಗರದ ನೌರು, ತುವಾಲುಗಳ ಇಡೀ ಜನಸಂಖ್ಯೆ ಗೋಕಾಕ ಪಟ್ಟಣದ ಜನಸಂಖ್ಯೆಗಿಂತ ಎಷ್ಟೋ ಕಡಿಮೆ. ಅಂತಹ ದೇಶದ ಶಿಶುಶಿಕ್ಷಕಿಯರೆಲ್ಲರನ್ನೂ ಒಂದು ಸಭಾಗೃಹದಲ್ಲಿ ಕೂಡ್ರಿಸಿ ಒಬ್ಬೊಬ್ಬರನ್ನು ಹೆಸರು ಹಿಡಿದು ಕರೆಯಬಹುದು. ಭಾರತದ ಸ್ಥಿತಿ ಹಾಗಲ್ಲ. ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿಗಳಿವೆ. ಕರ್ನಾಟಕದಲ್ಲಿಯೇ ಸುಮಾರು 66 ಸಾವಿರ. ಬೆಳಗಾವಿ ಜಿಲ್ಲೆಯೊಂದರಲ್ಲಿ 5 ಸಾವಿರಕ್ಕೂ ಹೆಚ್ಚು. ಕಾರ್ಯಕರ್ತೆಯರನ್ನೂ ಸಹಾಯಕಿಯರನ್ನೂ ಕೂಡಿಸಿದರೆ ರಾಜ್ಯದಲ್ಲಿ ಈ ಹೆಣ್ಣುಮಕ್ಕಳ ಸಂಖ್ಯೆ ಲಕ್ಷವನ್ನು ಮೀರುತ್ತದೆ. ಅವರಲ್ಲಿ ಪುರುಷರು ಒಬ್ಬರೂ ಇಲ್ಲ. ನೇಮಕಾತಿಯ ನಿಯಮವೇ ಆ ಊರಿನ ಮಹಿಳೆಯೇ ಆಗಿರಬೇಕೆಂದು ಹೇಳುತ್ತದೆ.

ಈ ಸಂಖ್ಯೆಯನ್ನು ಸ್ತ್ರೀಸಬಲೀಕರಣದ ಸಾಕ್ಷಿಯೆಂದು ವೇದಿಕೆಗಳ ಮೇಲೆ ಹೇಳುವುದುಂಟು. ಸಂಖ್ಯೆ ದೊಡ್ಡದೆಂಬುದು ನಿಜ. ಆದರೆ ಸಂಖ್ಯೆಯೇ ಸಮ್ಮಾನವಲ್ಲ. ಯಾವ ಕೆಲಸಕ್ಕೆ ಸಂಬಳ ಕಡಿಮೆಯೋ, ಯಾವ ಕೆಲಸದಲ್ಲಿ ಬಡ್ತಿಯ ದಾರಿ ಕಿರಿದೋ, ಆ ಕೆಲಸವನ್ನು ಸಮಾಜವು ಹೆಣ್ಣುಮಕ್ಕಳಿಗೆ ಬಿಟ್ಟುಕೊಟ್ಟು, ಅನಂತರ ಅದನ್ನು ಮಾತೃತ್ವದ ಮಹಿಮೆಯೆಂದು ಹೊಗಳುತ್ತದೆ. ಈ ಹೊಗಳಿಕೆಯ ಹಿಂದಿರುವ ಸತ್ಯವನ್ನು ಪರಿಶೀಲಿಸುವುದು ಶಿಕ್ಷಣಪ್ರೇಮಿಗಳ ಕರ್ತವ್ಯ.

ಶಿಶುಶಿಕ್ಷಣವನ್ನು ಒಂದು ಶಾಸ್ತ್ರವೆಂದು ಕಂಡವರು ಅದನ್ನು ಎಂದೂ ಅಗ್ಗದ ಕೆಲಸವೆಂದು ಭಾವಿಸಿರಲಿಲ್ಲ. ಜರ್ಮನಿಯ ಫ್ರೋಬೆಲ್ 1840ರಲ್ಲಿ ತನ್ನ ಶಾಲೆಗೆ ಮಕ್ಕಳ ತೋಟವೆಂಬ ಅರ್ಥದ ‘ಕಿಂಡರ್‌ಗಾರ್ಟನ್’ ಎಂಬ ಹೆಸರನ್ನಿಟ್ಟನು. ಸಸಿಯ ಸ್ವಭಾವವನ್ನರಿಯದವನು ತೋಟಿಗನಾಗಲಾರನೆಂಬ ಭಾವ ಆ ಹೆಸರಿನಲ್ಲಿಯೇ ಅಡಗಿದೆ. ಆತನು ಸ್ತ್ರೀಯರನ್ನು ಈ ಕೆಲಸಕ್ಕೆ ಕರೆದಾಗ ಅವರಿಗೆ ತರಬೇತಿಯ ಏರ್ಪಾಡನ್ನೂ ಮಾಡಿದನು. ಗುಜರಾತದ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರವನ್ನು ತೆರೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಕಡಲತೀರದ ಬೋರ್ಡಿ ಗ್ರಾಮಕ್ಕೆ ಹೋಗಿ ನೆಲೆಸಿದರು. ಬಡವರ ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂಬ ವಿಚಾರವನ್ನು ತಾರಾಬಾಯಿ ಮತ್ತು ಅವರ ಸಹಚಾರಿಣಿ ಅನುತಾಯಿ ವಾಘ್ ಅಲ್ಲಿಯೂ, ಬಳಿಕ ಕೋಸಬಾಡದ ಗುಡ್ಡದ ಮೇಲೆಯೂ ಆಚರಣೆಗೆ ತಂದರು. ಇಂದು ದೇಶದ ಮೂಲೆಮೂಲೆಗೆ ಹಬ್ಬಿರುವ ‘ಅಂಗನವಾಡಿ’ ಎಂಬ ಶಬ್ದಕ್ಕೆ ಈ ಪ್ರಯೋಗದ ಬೇರುಗಳಿವೆ. ಗಿಜುಭಾಯಿಯವರಾಗಲಿ ತಾರಾಬಾಯಿಯವರಾಗಲಿ ಶಿಶುಶಿಕ್ಷಕಿಯನ್ನು ಮಕ್ಕಳನ್ನು ಹಿಡಿದುಕೊಳ್ಳುವ ಆಳೆಂದು ತಿಳಿದವರಲ್ಲ.

ಸ್ವಾತಂತ್ರ್ಯಪೂರ್ವದಲ್ಲಿ, 1944ರ ಸಾರ್ಜೆಂಟ್ ವರದಿಯು ಶಿಶುಶಾಲೆಗಳಲ್ಲಿ ಸ್ತ್ರೀಯರೇ ಶಿಕ್ಷಕರಾಗಿರಬೇಕೆಂದೂ, ಅವರು ಈ ಕೆಲಸಕ್ಕಾಗಿಯೇ ವಿಶೇಷ ತರಬೇತಿ ಪಡೆದವರಾಗಿರಬೇಕೆಂದೂ ಸಲಹೆ ಮಾಡಿತ್ತು. ಈ ಎರಡು ಮಾತುಗಳಲ್ಲಿ ಮೊದಲನೆಯದನ್ನು ದೇಶವು ಅಕ್ಷರಶಃ ಪಾಲಿಸಿತು. ಎರಡನೆಯದನ್ನು ಬಹುಮಟ್ಟಿಗೆ ಮರೆಯಿತು. ಇಂದಿನ ತೊಡಕುಗಳ ಮೂಲ ಇಲ್ಲಿದೆ.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಪ್ರಾಯೋಗಿಕ ಕೇಂದ್ರಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವು ಅದರ ಮೊದಲ ಕ್ಷೇತ್ರವಾಯಿತು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಶಿಫಾರಸು, ತಾಯಂದಿರಿಗೆ ಆರೋಗ್ಯ ಮತ್ತು ಪೌಷ್ಟಿಕತೆಯ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳನ್ನು ಒಂದೇ ಸೂರಿನಡಿ ಒದಗಿಸುವ ಈ ಯೋಜನೆಯ ಉದ್ದೇಶ ಉದಾತ್ತವಾದುದು. ಆದರೆ ಆರು ಸೇವೆಗಳನ್ನೂ ಹೊತ್ತ ಹೆಣ್ಣುಮಗಳಿಗೆ ಅಂದು ಗೊತ್ತುಪಡಿಸಿದ ಗೌರವಧನ, ಮೆಟ್ರಿಕ್ ಮುಗಿಸದವರಿಗೆ ತಿಂಗಳಿಗೆ 100 ರೂಪಾಯಿ, ಮುಗಿಸಿದವರಿಗೆ 150 ರೂಪಾಯಿ. ಊರಿನ ಹೆಣ್ಣುಮಗಳು ಬಿಡುವಿನ ವೇಳೆಯಲ್ಲಿ ಮಾಡುವ ಸಮಾಜಸೇವೆ ಇದು ಎಂಬ ಕಲ್ಪನೆಯ ಮೇಲೆ ಇಡೀ ಕಟ್ಟಡ ನಿಂತಿತು. ಐವತ್ತು ವರ್ಷಗಳು ಸಂದವು. ಬಿಡುವಿನ ವೇಳೆಯ ಕೆಲಸವು ಇಡೀ ದಿನದ ಕೆಲಸವಾಯಿತು. ಕಲ್ಪನೆ ಮಾತ್ರ ಹಾಗೆಯೇ ಉಳಿಯಿತು.

ಮುಂಬಯಿ ಪ್ರಾಂತದ ಕಾಲದ ಶಾಲೆಗಳಲ್ಲಿ ಒಂದನೆಯ ಇಯತ್ತೆಗೂ ಕೆಳಗಿನ ಮಕ್ಕಳನ್ನು ‘ಬಿನ್ನೆತ್ತಿ’ಯ ಮಕ್ಕಳೆಂದು ಕರೆಯುವ ವಾಡಿಕೆ ಇತ್ತೆಂಬುದು ಈ ಭಾಗದ ಹಿರಿಯ ಓದುಗರಿಗೆ ನೆನಪಿರಬಹುದು. ಇಯತ್ತೆಯೇ ಇಲ್ಲದ ವರ್ಗವೆಂಬುದು ಅದರ ಅರ್ಥ. ಮಕ್ಕಳು ಒಂದು ವರ್ಷದಲ್ಲಿ ಬಿನ್ನೆತ್ತಿಯನ್ನು ದಾಟಿ ಮುಂದೆ ಹೋಗುತ್ತಿದ್ದರು. ಅಂಗನವಾಡಿಯ ಅಕ್ಕೋರು ಮಾತ್ರ ಮೂವತ್ತು ವರ್ಷ ದುಡಿದರೂ ಬಿನ್ನೆತ್ತಿಯಲ್ಲಿಯೇ ಉಳಿದಿದ್ದಾರೆ. ಆಕೆ ಕಲಿಸುತ್ತಾಳೆ, ಆದರೆ ಕಾಗದಪತ್ರಗಳಲ್ಲಿ ಶಿಕ್ಷಕಿಯಲ್ಲ, ಕಾರ್ಯಕರ್ತೆ. ಆಕೆ ದುಡಿಯುತ್ತಾಳೆ, ಆದರೆ ಆಕೆಗೆ ದೊರೆಯುವುದು ಸಂಬಳವಲ್ಲ, ಗೌರವಧನ. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ಎಂಬವರ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ, ಅಂಗನವಾಡಿ ಕಾರ್ಯಕರ್ತೆಯ ಸ್ಥಾನವು ಸರ್ಕಾರಿ ಹುದ್ದೆಯಲ್ಲವೆಂದು ತೀರ್ಪಿತ್ತಿತು. ಮುಂದೆ 2022ರ ಏಪ್ರಿಲ್ ತಿಂಗಳಲ್ಲಿ, ಗುಜರಾತದ ಕಾರ್ಯಕರ್ತೆಯರ ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯವು 1972ರ ಉಪದಾನ ಕಾಯ್ದೆಯು ಇವರಿಗೆ ಅನ್ವಯಿಸುವುದೆಂದೂ, ಗೌರವಧನವೆಂಬ ಹೆಸರಿನಲ್ಲಿ ಕೊಟ್ಟದ್ದು ವೇತನವೇ ಎಂದೂ ಹೇಳಿತು. ಶಾಲಾಪೂರ್ವ ಶಿಕ್ಷಣದ ಏರ್ಪಾಡನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೆಯ ಕಲಮಿನೊಡನೆ ಸೇರಿಸಿ ನೋಡಿ, ಇವರು ಮಾಡುತ್ತಿರುವುದು ಶಾಸನಬದ್ಧ ಕರ್ತವ್ಯವೆಂಬುದನ್ನೂ ಅದು ಗುರುತಿಸಿತು. ಹದಿನಾರು ವರ್ಷಗಳ ಅಂತರದ ಈ ಎರಡು ತೀರ್ಪುಗಳ ನಡುವೆ ಒಂದು ದೊಡ್ಡ ನಡಿಗೆ ಇದೆ. ಆ ನಡಿಗೆಯಲ್ಲಿ ನ್ಯಾಯಾಲಯವು ಮುಂದಿದ್ದು ಸಮಾಜವು ಹಿಂದಿರುವುದು ಶೋಭೆಯಲ್ಲ.

2018ರಲ್ಲಿ ಕೇಂದ್ರವು ಕಾರ್ಯಕರ್ತೆಯ ಗೌರವಧನವನ್ನು 3,000ದಿಂದ 4,500 ರೂಪಾಯಿಗೂ ಸಹಾಯಕಿಯದನ್ನು 1,500ರಿಂದ 2,250 ರೂಪಾಯಿಗೂ ಏರಿಸಿತು. ರಾಜ್ಯವು ತನ್ನ ಪಾಲನ್ನು ಕೂಡಿಸುತ್ತ ಬಂದಿದೆ. 2025ರ ಆಯವ್ಯಯದಲ್ಲಿ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿಗಳ ಹೆಚ್ಚಳವನ್ನು ಘೋಷಿಸಿತು. ಈ ಹೆಚ್ಚಳಗಳು ಸ್ವಾಗತಾರ್ಹ. ಆದರೂ ಎಲ್ಲವನ್ನೂ ಕೂಡಿಸಿ ನೋಡಿದರೆ ಪಕ್ಕದ ಪ್ರಾಥಮಿಕ ಶಾಲೆಯ ಖಾಯಂ ಶಿಕ್ಷಕರ ಮೂಲವೇತನದ ಸಮೀಪಕ್ಕೂ ಅದು ಬರುವುದಿಲ್ಲ. ಕಾಯಕಕ್ಕೂ ದಾಸೋಹಕ್ಕೂ ಇರುವ ಸಂಬಂಧವನ್ನು ಮಠದ ಅಂಗಳದಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ದುಡಿದುದರ ಫಲ ಕೈಸೇರಿದ ಬಳಿಕ ಅದನ್ನು ಸಂತೋಷದಿಂದ ಸಮಾಜಕ್ಕೆ ಅರ್ಪಿಸುವುದು ದಾಸೋಹ. ಫಲವನ್ನೇ ಸರಿಯಾಗಿ ಕೊಡದೆ ದುಡಿಸಿಕೊಂಡು, ಅದಕ್ಕೆ ಸೇವೆಯೆಂಬ ಹೆಸರಿಡುವುದು ದಾಸೋಹವಲ್ಲ.

ಶಿಕ್ಷಣಕ್ಕೆ ಆಕೆಯ ಬಳಿ ಉಳಿಯುವ ಹೊತ್ತಾದರೂ ಎಷ್ಟು? ಹಾಲು, ಮೊಟ್ಟೆ, ಆಹಾರಸಾಮಗ್ರಿಗಳ ಲೆಕ್ಕ, ಮಕ್ಕಳ ತೂಕ ಮತ್ತು ಎತ್ತರದ ದಾಖಲೆ, ಗರ್ಭಿಣಿ ಬಾಣಂತಿಯರ ಪಟ್ಟಿ, 2017ರಿಂದ ಮಾತೃಪೂರ್ಣ ಯೋಜನೆಯ ಊಟ, 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ದಾಖಲೆ, ಇವೆಲ್ಲವೂ ಆಕೆಯವೇ. ಮೇಲಾಗಿ ಸಮೀಕ್ಷೆಯೆಂದರೆ ಆಕೆ, ಮತದಾರರ ಪಟ್ಟಿಯೆಂದರೆ ಹಲವು ಕಡೆ ಆಕೆ. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೂ ನದೀತೀರದ ಹಳ್ಳಿಗಳಿಗೂ ನುಗ್ಗಿತು. ಮರುವರ್ಷವೇ ಕೋವಿಡ್ ಬಂದು ಕೇಂದ್ರಗಳ ಬಾಗಿಲು ಮುಚ್ಚಿತು. ಆಗ ಆಹಾರದ ಪೊಟ್ಟಣಗಳನ್ನು ಮನೆಮನೆಗೆ ಮುಟ್ಟಿಸಿದವರೂ, ರೋಗದ ಲಕ್ಷಣಗಳನ್ನು ಕೇಳುತ್ತ ಓಣಿ ತಿರುಗಿದವರೂ ಇವರೇ. ಇಷ್ಟೆಲ್ಲದರ ನಡುವೆ ಉಳಿದ ಹೊತ್ತಿನಲ್ಲಿ ‘ಚಿಲಿಪಿಲಿ’ ಪುಸ್ತಕ ಹಿಡಿದು ಮಕ್ಕಳಿಗೆ ಬಣ್ಣ, ಆಕಾರ, ಎಣಿಕೆಗಳನ್ನು ಕಲಿಸಬೇಕು. ಆಕೆಯ ಮಕ್ಕಳು ಅಕ್ಷರ ಕಲಿತಿಲ್ಲವೆಂದು ದೂರುವವರು ಒಂದು ದಿನ ಆಕೆಯ ಜಾಗದಲ್ಲಿ ಕುಳಿತು ನೋಡುವುದು ಒಳಿತು.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದು ಹೆಣ್ಣಿಗೆ ಹುಟ್ಟಿನಿಂದ ಬಂದ ಗುಣ, ಅದಕ್ಕೆ ಪಾಂಡಿತ್ಯವೇಕೆ, ವೇತನಶ್ರೇಣಿಯೇಕೆ ಎಂದು ಕೆಲವರು ಕೇಳುತ್ತಾರೆ. ಅಂತಃಕರಣವು ಬೇಕೇ ಬೇಕು; ಅದಿಲ್ಲದವರು ಈ ಕೆಲಸಕ್ಕೆ ಬರಲೇಬಾರದು. ಆದರೆ ಅಂತಃಕರಣವು ವಿದ್ಯೆಗೆ ಬದಲಿಯಲ್ಲ. ಸೂಲಗಿತ್ತಿಯ ಕರುಣೆ ಎಷ್ಟು ದೊಡ್ಡದಾದರೂ ಹೆರಿಗೆ ಕಷ್ಟವಾದಾಗ ಜನರು ವೈದ್ಯರ ಶಾಸ್ತ್ರವನ್ನು ಹುಡುಕಿಕೊಂಡು ಹೋಗುತ್ತಾರೆ. ಮೂರು ವರ್ಷದ ಮಗು ಮಾತಾಡದಿದ್ದರೆ ಅದು ಸಂಕೋಚವೋ ಕಿವಿಯ ದೋಷವೋ ಎಂಬುದನ್ನು ಗುರುತಿಸುವುದು ವಿದ್ಯೆ. ನಾಲ್ಕು ವರ್ಷದ ಮಗುವಿಗೆ ಪೆನ್ಸಿಲ್ ಕೊಟ್ಟು ಬರೆಯೆಂದು ಗದರಿಸದೆ, ಮಣ್ಣು ಕಲಸಿಸಿ, ಕಾಳು ಆರಿಸಿ, ಬೆರಳಿಗೆ ಬಲ ಬರಿಸುವುದು ವಿದ್ಯೆ. ಮಗುವಿನ ಮಿದುಳಿನ ಬೆಳವಣಿಗೆಯ ಬಹುಭಾಗ ಆರು ವರ್ಷದೊಳಗೇ ಆಗುವುದೆಂದು ವಿಜ್ಞಾನವು ಹೇಳುತ್ತಿರುವಾಗ, ಆ ಆರು ವರ್ಷಗಳ ಗುರುವಿಗೆ ಎಲ್ಲರಿಗಿಂತ ಕಡಿಮೆ ತರಬೇತಿಯನ್ನೂ ಎಲ್ಲರಿಗಿಂತ ಕಡಿಮೆ ವೇತನವನ್ನೂ ಕೊಡುವುದು ಬುಡಕ್ಕೆ ನೀರು ಹಾಕದೆ ಎಲೆಗೆ ಚಿಮುಕಿಸಿದಂತೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದ ವರೆಗಿನ ಅವಧಿಯನ್ನು ಬುನಾದಿ ಹಂತವೆಂದು ಕರೆದು ಅಂಗನವಾಡಿಯನ್ನು ಶಿಕ್ಷಣದ ಪರಿಧಿಯೊಳಗೆ ತಂದಿತು. ಪಿ.ಯು.ಸಿ. ಆದ ಕಾರ್ಯಕರ್ತೆಯರಿಗೆ ಆರು ತಿಂಗಳ, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ತರಬೇತಿ ಕೊಡಬೇಕೆಂದು ಅದು ಹೇಳಿತು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್.ಕೆ.ಜಿ., ಯು.ಕೆ.ಜಿ. ತೆರೆಯುವ ಪ್ರಸ್ತಾಪ ಬಂದಾಗ, ಮಕ್ಕಳು ಅಂಗನವಾಡಿಯನ್ನು ಬಿಟ್ಟುಹೋದಾರೆಂಬ ಕಳವಳದಿಂದ ರಾಜ್ಯದ ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಬೇಡಿಕೆ ರಜೆಯದಾಗಿರಲಿಲ್ಲ. ಆ ತರಗತಿಗಳನ್ನು ಅಂಗನವಾಡಿಯಲ್ಲಿಯೇ ಕಲಿಸಲು ಅವಕಾಶ ಕೊಡಿರೆಂಬುದಾಗಿತ್ತು. ಸರ್ಕಾರವು ಅದೇ ವರ್ಷ ಬೆಂಗಳೂರಿನ ಕೆಲವು ಅಂಗನವಾಡಿಗಳಿಂದ ಅದನ್ನು ಆರಂಭಿಸಿತು. ಹೆಚ್ಚಿನ ಕೆಲಸವನ್ನು ತಮಗೇ ಕೊಡಿರೆಂದು ಕೇಳಿ ಚಳವಳಿ ಹೂಡಿದ ನೌಕರವರ್ಗಗಳು ವಿರಳ.

ಸರ್ಕಾರದ ಕರ್ತವ್ಯವನ್ನು ನೆನಪಿಸುವುದು ಸುಲಭ. ಮಠಮಾನ್ಯಗಳು, ಸಂಘಸಂಸ್ಥೆಗಳು ತಮ್ಮ ಅಂಗಳವನ್ನೂ ನೋಡಿಕೊಳ್ಳಬೇಕಾಗಿದೆ. ಈಚಿನ ವರ್ಷಗಳಲ್ಲಿ ಪ್ರತಿಯೊಂದು ಖಾಸಗಿ ಸಂಸ್ಥೆಯೂ ಶಿಶುವಿಹಾರವನ್ನು ತೆರೆಯುತ್ತಿದೆ. ಫಲಕ ದೊಡ್ಡದು, ಗೋಡೆಯ ಚಿತ್ರಗಳು ಚೆಂದ, ಶುಲ್ಕವೂ ಸಣ್ಣದಲ್ಲ. ಆದರೆ ಒಳಗೆ ಕಲಿಸುವ ಹೆಣ್ಣುಮಗಳಿಗೆ ಎಷ್ಟೋ ಕಡೆಗಳಲ್ಲಿ ನೇಮಕಾತಿ ಪತ್ರವಿಲ್ಲ, ಬೇಸಿಗೆಯ ಸೂಟಿಯಲ್ಲಿ ಸಂಬಳವಿಲ್ಲ, ಬಾಣಂತನಕ್ಕೆ ಹೋದರೆ ಮರಳಿ ಬರುವ ಭರವಸೆಯಿಲ್ಲ. ಸರ್ಕಾರವು ಅಂಗನವಾಡಿಯ ಅಕ್ಕೋರಿಗೆ ಕಡಿಮೆ ಕೊಡುತ್ತಿದೆಯೆಂದು ಟೀಕಿಸುವ ವೇದಿಕೆಯ ಹಿಂದೆಯೇ ಅದಕ್ಕಿಂತ ಕಡಿಮೆ ಪಡೆಯುವ ಶಿಕ್ಷಕಿ ಕುರ್ಚಿಗಳನ್ನು ಜೋಡಿಸುತ್ತಿರಬಹುದು. ಈ ಮಾತು ಕಹಿಯಾಗಿದ್ದರೂ ಆಡಲೇಬೇಕಾದುದು. ಧರ್ಮಸಂಸ್ಥೆಯ ಶಾಲೆಯು ವ್ಯಾಪಾರದ ಶಾಲೆಗಿಂತ ಭಿನ್ನವೆಂಬುದು ಅದರ ಪ್ರಾರ್ಥನೆಯಲ್ಲಿ ಮಾತ್ರವಲ್ಲ, ಅದರ ಸಂಬಳದ ಪಟ್ಟಿಯಲ್ಲಿಯೂ ಕಾಣಬೇಕು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಸಂಸ್ಥೆಗಳು ತಮ್ಮ ಶಿಶುವಿಹಾರದ ಶಿಕ್ಷಕಿಯರಿಗೆ ನೇಮಕಾತಿ ಪತ್ರ, ಹನ್ನೆರಡು ತಿಂಗಳ ವೇತನ, ಭವಿಷ್ಯನಿಧಿ ಮತ್ತು ಹೆರಿಗೆ ರಜೆಯನ್ನು ಕೊಟ್ಟು ಮೇಲ್ಪಂಕ್ತಿ ಹಾಕಬೇಕು. ಎರಡನೆಯದಾಗಿ, ಶಿಕ್ಷಕರ ತರಬೇತಿ ವಿದ್ಯಾಲಯಗಳನ್ನೂ ಗ್ರಂಥಾಲಯಗಳನ್ನೂ ಹೊಂದಿರುವ ಸಂಸ್ಥೆಗಳು ಸುತ್ತಲಿನ ಅಂಗನವಾಡಿಗಳ ಅಕ್ಕೋರಿಗೆ ಅವುಗಳ ಬಾಗಿಲನ್ನು ತೆರೆಯಬೇಕು. ಇಲಾಖೆಯೊಡನೆ ಮಾತಾಡಿ ರಜಾದಿನಗಳಲ್ಲಿ ಶಿಬಿರಗಳನ್ನು ನಡೆಸುವುದು ಕಷ್ಟದ ಕೆಲಸವೇನಲ್ಲ. ಮೂರನೆಯದಾಗಿ, ಒಂದನೆಯ ಇಯತ್ತೆಗೆ ಮಕ್ಕಳನ್ನು ಸೇರಿಸಿಕೊಳ್ಳುವಾಗ ಆ ಮಗುವನ್ನು ಮೂರು ವರ್ಷ ಸಲಹಿದ ಅಕ್ಕೋರನ್ನು ಶಾಲೆಗೆ ಕರೆದು, ಮಗುವಿನ ಸ್ವಭಾವ, ಅಂಜಿಕೆ, ಆಸಕ್ತಿಗಳನ್ನು ಕೇಳಿ ತಿಳಿಯುವ ಪದ್ಧತಿಯನ್ನು ಆರಂಭಿಸಬೇಕು. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಆದರೆ ಗುರುವು ಗುರುವನ್ನು ಸಮಾನವಾಗಿ ಕಾಣುವ ಒಂದು ದೊಡ್ಡ ಹೆಜ್ಜೆ ಅದರಲ್ಲಿದೆ.

ದಾನಿಗಳಿಗೂ ಇಲ್ಲಿ ಒಂದು ಸುಂದರವಾದ ದಾರಿಯುಂಟು. ಗೋಕಾಕದ ಕುಶಲಕರ್ಮಿಗಳು ಹಗುರವಾದ ಮರದಲ್ಲಿ ಕೆತ್ತಿ ಬಣ್ಣ ಹಾಕುವ ಹಣ್ಣುಕಾಯಿಗಳೂ ಗೊಂಬೆಗಳೂ ಹೆಸರಾದವು. ಅವು ಶ್ರೀಮಂತರ ಗಾಜಿನ ಕಪಾಟಿನಲ್ಲಿ ಕುಳಿತಿರುವುದಕ್ಕಿಂತ ಅಂಗನವಾಡಿಯ ಚಾಪೆಯ ಮೇಲೆ ಉರುಳಾಡುವುದು ಲೇಸು. ಬದನೆಕಾಯಿಯ ಬಣ್ಣ, ಬಾಳೆಹಣ್ಣಿನ ಆಕಾರ, ಐದು ಮಾವಿನಹಣ್ಣುಗಳ ಎಣಿಕೆ, ಇವುಗಳಿಗಿಂತ ಉತ್ತಮವಾದ ಪಾಠೋಪಕರಣ ಪೇಟೆಯ ಪ್ಲಾಸ್ಟಿಕ್ಕಿನಲ್ಲಿ ದೊರೆಯಲಾರದು. ಮಕ್ಕಳ ಬಾಯಿಗೆ ಹೋದರೂ ಕೇಡು ಮಾಡದ ಬಣ್ಣವನ್ನೇ ಬಳಸುವಂತೆ ಹೇಳಿ ಮಾಡಿಸಿ ಒಂದೊಂದು ಅಂಗನವಾಡಿಗೆ ಒಂದೊಂದು ಪೆಟ್ಟಿಗೆ ಕೊಟ್ಟರೆ ಕಲೆಯೂ ಉಳಿಯುತ್ತದೆ, ಕಲಿಕೆಯೂ ಬೆಳೆಯುತ್ತದೆ. ಹಳೆಯ ವಿದ್ಯಾರ್ಥಿಗಳು ತಮ್ಮ ಊರಿನ ಅಂಗನವಾಡಿಯ ಬಾಲವಿಕಾಸ ಸಮಿತಿಯ ಸಭೆಗೆ ವರ್ಷದಲ್ಲಿ ಎರಡು ಬಾರಿಯಾದರೂ ಹೋಗಿ, ಕಟ್ಟಡ ಸೋರುತ್ತಿದೆಯೆ, ಕುಡಿಯುವ ನೀರು ಇದೆಯೆ, ಶೌಚಾಲಯಕ್ಕೆ ಬಾಗಿಲಿದೆಯೆ ಎಂದು ವಿಚಾರಿಸಿದರೆ ಅದೂ ಒಂದು ದೊಡ್ಡ ದಾನವೇ.

ಸಂಖ್ಯೆಯ ಹೆಮ್ಮೆ ಸಾಕು. ಈ ಮೂರು ತಾಲೂಕುಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಶಿಶುಗಳಿಗೆ ಕಲಿಸುತ್ತಿದ್ದಾರೆಂಬ ಪ್ರಶ್ನೆಗೆ ಇಲಾಖೆಯ ದಾಖಲೆಯಲ್ಲಿ ಉತ್ತರ ಸಿಗುತ್ತದೆ. ಅವರಲ್ಲಿ ಎಷ್ಟು ಜನರನ್ನು ಸಮಾಜವು ಶಿಕ್ಷಕಿಯೆಂದು ಒಪ್ಪಿಕೊಂಡಿದೆಯೆಂಬ ಪ್ರಶ್ನೆಗೆ ಉತ್ತರವನ್ನು ಸಮಾಜವೇ ಕೊಡಬೇಕು. ಆ ಉತ್ತರದ ಆರಂಭ ಒಂದು ಸಣ್ಣ ಕ್ರಮದಿಂದ ಆಗಬಹುದು. ಮುಂದಿನ ವಾರ್ಷಿಕೋತ್ಸವದ ವೇದಿಕೆಯ ಮೇಲೆ ದಾನಿಗಳ ಪಕ್ಕದಲ್ಲಿ ಒಂದು ಕುರ್ಚಿ ಅಂಗನವಾಡಿಯ ಅಕ್ಕೋರಿಗೆ ಮೀಸಲಾಗಲಿ. ಮುಂದಿನ ಸ್ಮರಣ ಸಂಚಿಕೆಯ ಗುರುವೃಂದದ ಪಟ್ಟಿಯಲ್ಲಿ ಸುತ್ತಲಿನ ಊರುಗಳ ಅಕ್ಕೋರ ಹೆಸರುಗಳು ಅಚ್ಚಾಗಲಿ. ಅವರನ್ನು ಬಿನ್ನೆತ್ತಿಯಿಂದ ದಾಟಿಸಿ ಮೊದಲ ಇಯತ್ತೆಗೆ ತಂದು ಕೂಡ್ರಿಸುವ ಕೆಲಸವು, ಅವರ ಕೈಯಿಂದ ಅಕ್ಷರದ ಮೊದಲ ಗೆರೆಯನ್ನು ಕಲಿತವರದೇ ಅಲ್ಲವೇ?